ಸಿನಿಮಾಗೆ ಪ್ರಾಪರ್ಟಿ ಹೊಂದಿಸುವುದು ಹೇಗೆ? ಪಟ್ಟಿ ಮಾಡುವುದರಿಂದ ವಾಪಸ್ ಕೊಡುವವರೆಗೆ

ಸಿನಿಮಾದಲ್ಲಿ ನಟರು ಮುಟ್ಟುವ, ಕೂರುವ, ಕುಡಿಯುವ, ಎಸೆಯುವ ಪ್ರತಿಯೊಂದು ವಸ್ತುವನ್ನೂ ಯಾರೋ ಒಬ್ಬರು ಎಲ್ಲಿಂದಲೋ ಹುಡುಕಿ ತಂದಿರುತ್ತಾರೆ. ನಮ್ಮ ಕಡೆ ಅವೆಲ್ಲಕ್ಕೂ ಒಟ್ಟಾಗಿ ಪ್ರಾಪರ್ಟಿ ಎನ್ನುತ್ತಾರೆ. ಕಲಾ ನಿರ್ದೇಶಕರ ಕೈಕೆಳಗೆ ನಾನು ಮಾಡುವ ಕೆಲಸವೇ ಇದು. ಈಗ ಚಿಕ್ಕ ಬಜೆಟ್ಟಿನಲ್ಲಿ ಮೊದಲ ಸಿನಿಮಾ ಮಾಡುವ ಹುಡುಗ ಹುಡುಗಿಯರು ಜಾಸ್ತಿ. ಕ್ಯಾಮೆರಾ, ಲೆನ್ಸು, ಲೈಟು ಅಂತ ತಿಂಗಳುಗಟ್ಟಲೆ ಓದಿಕೊಂಡಿರುತ್ತಾರೆ. ಪ್ರಾಪರ್ಟಿ ಮಾತು ಬಂದಾಗ ಮಾತ್ರ "ಅದೆಲ್ಲ ಲೊಕೇಶನ್‌ನಲ್ಲೇ ಸಿಗುತ್ತೆ ಬಿಡಿ" ಎನ್ನುತ್ತಾರೆ. ಸಿಗುವುದಿಲ್ಲ. ಸಿಕ್ಕರೂ ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಇಡೀ ಯೂನಿಟ್ಟು ಒಂದು ಲಾಟೀನಿಗಾಗಿ ಕಾಯುತ್ತಾ ಕೂತರೆ ಆ ಲಾಟೀನಿನ ಬೆಲೆ ಎಷ್ಟಾಯಿತು ಅಂತ ನೀವೇ ಲೆಕ್ಕ ಹಾಕಿ.

ಸುಮ್ಮನೆ ಮೇಲೆ ಮೇಲೆ ಹೇಳುವುದಕ್ಕಿಂತ ಒಂದು ಕಥೆ ಇಟ್ಟುಕೊಂಡು ಹೇಳುತ್ತೇನೆ. 1985ರಲ್ಲಿ ನಡೆಯುವ ಕಥೆ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆ. ಅಜ್ಜ, ಮಗ, ಸೊಸೆ, ಊರು ಬಿಟ್ಟು ಹೋದ ಇನ್ನೊಬ್ಬ ಮಗ. ದೊಡ್ಡ ಸೆಟ್ ಇಲ್ಲ, ನಿಜವಾದ ಮನೆಯಲ್ಲೇ ಶೂಟಿಂಗ್.

ಮೊದಲು ಪಟ್ಟಿ, ಆಮೇಲೆ ಪೇಟೆ

ಸ್ಕ್ರಿಪ್ಟ್ ಕೈಗೆ ಬಂದ ತಕ್ಷಣ ಅಂಗಡಿಗೆ ಓಡಬೇಡಿ. ಒಂದು ಸಲ ಕಥೆಗಾಗಿ ಓದಿ. ಇನ್ನೊಂದು ಸಲ ಪೆನ್ಸಿಲ್ ಹಿಡಿದು ವಸ್ತುಗಳಿಗಾಗಿ ಓದಿ. ಬರೆದದ್ದು ಒಂದು ಸಾಲು ಇರುತ್ತದೆ, ಬೇಕಾದದ್ದು ಒಂದು ಟ್ರಂಕ್ ತುಂಬ ಇರುತ್ತದೆ.

ಉದಾಹರಣೆಗೆ ಈ ಸಾಲು ನೋಡಿ: "ಅಜ್ಜ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ಮಗನ ಪತ್ರ ಓದುತ್ತಾನೆ. ಸಿಟ್ಟು ಬಂದು ಹರಿದು ಅಂಗಳಕ್ಕೆ ಎಸೆಯುತ್ತಾನೆ." ಇಲ್ಲಿ ಕಾಣುವುದು ಎಲೆ, ಅಡಿಕೆ, ಪತ್ರ. ಕಾಣದಿರುವುದು ಎಲೆ ಅಡಿಕೆ ತಟ್ಟೆ, ಅಡಕತ್ತರಿ, ಸುಣ್ಣದ ಡಬ್ಬಿ, ಪೀಕದಾನಿ, ಕನ್ನಡಕ, ಕನ್ನಡಕದ ಪೆಟ್ಟಿಗೆ, ಕೂರುವ ಮಣೆ ಅಥವಾ ಆರಾಮ ಕುರ್ಚಿ, ಪತ್ರ ಬಂದ ಲಕೋಟೆ, ಅಜ್ಜನ ಬೆನ್ನ ಹಿಂದಿನ ಗೋಡೆಯ ಮೇಲಿನ ಕ್ಯಾಲೆಂಡರು. ವೀಳ್ಯದೆಲೆ ಲೈಟಿನ ಬಿಸಿಗೆ ಬೇಗ ಬಾಡುತ್ತದೆ. ಹಾಗಾಗಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಕವಳೆ ಎಲೆ ಪಕ್ಕದಲ್ಲಿರಬೇಕು. ಇನ್ನು ನಿರ್ದೇಶಕರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಹರಿದ ಚೂರುಗಳು ಮುಂದಿನ ದೃಶ್ಯದಲ್ಲಿ ಸೊಸೆ ಅಂಗಳ ಗುಡಿಸುವಾಗ ಕಾಣುತ್ತವಾ? ಕಾಣುವುದಾದರೆ ಅವನ್ನೂ ಕವರಿನಲ್ಲಿ ಹಾಕಿ, ನಂಬರ್ ಬರೆದು ಇಡಬೇಕು.

ಪಟ್ಟಿಯನ್ನು ಮೂರು ಬಣ್ಣದಲ್ಲಿ ಗುರುತು ಮಾಡಿ. ಜಾಗದಲ್ಲಿ ಸುಮ್ಮನೆ ಇರುವ ಸೆಟ್ ಪ್ರಾಪರ್ಟಿ ಒಂದು ಬಣ್ಣ. ನಟರು ಕೈಯಲ್ಲಿ ಹಿಡಿಯುವ ಹ್ಯಾಂಡ್ ಪ್ರಾಪರ್ಟಿ ಇನ್ನೊಂದು. ಖರ್ಚಾಗುವುದು, ಅಂದರೆ ತಿನ್ನುವುದು, ಒಡೆಯುವುದು, ಸುಡುವುದು, ಹರಿಯುವುದು ಮೂರನೆಯದು. ಹಣ ಸೋರಿ ಹೋಗುವುದು ಮೂರನೆಯದರಲ್ಲಿ. ಹರಿಯುವ ಪತ್ರ ಪ್ರತಿ ಟೇಕಿಗೂ ಹೊಸದು ಬೇಕು. ದೂರದಿಂದ ವೈಡ್ ಶಾಟು, ಹತ್ತಿರದಿಂದ ಕ್ಲೋಸು, ಎದುರಿನಿಂದ ಒಂದು, ಪ್ರತಿಯೊಂದಕ್ಕೂ ಮೂರೋ ನಾಲ್ಕೋ ಟೇಕು ಅಂದರೆ ಹನ್ನೆರಡು ಪ್ರತಿಗಿಂತ ಕಮ್ಮಿ ಇಟ್ಟುಕೊಂಡು ನಾನು ಸೆಟ್ಟಿಗೆ ಹೋಗುವುದಿಲ್ಲ. ರಿಹರ್ಸಲ್‌ಗೆ ಬಿಳಿ ಹಾಳೆ ಕೊಡಿ.

ಶೀಟಿನಲ್ಲಿ ಸೀನ್ ನಂಬರಿನ ಪಕ್ಕದಲ್ಲೇ ಕಥೆಯ ದಿನ ಅಂತ ಒಂದು ಕಾಲಂ ಇರಲಿ. ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ಕಥೆಯ ಮೂರನೇ ದಿನ ಒಡೆಯುವ ನೀರಿನ ಹೂಜಿ ಮೊದಲನೇ ದಿನದ ದೃಶ್ಯದಲ್ಲಿ ಚೆನ್ನಾಗಿರಬೇಕು. ಆ ಮೊದಲನೇ ದಿನವನ್ನು ನೀವು ಶೂಟ್ ಮಾಡುವುದು ಕೊನೆಯ ವಾರದಲ್ಲಿ ಆಗಿರಬಹುದು. ಈ ಒಂದು ಕಾಲಂ ಇಲ್ಲದೆ ಎಷ್ಟೋ ಸಿನಿಮಾಗಳಲ್ಲಿ ಒಡೆದ ವಸ್ತು ತಾನಾಗೇ ಕೂಡಿಕೊಂಡಿದೆ.

ಎಲ್ಲಿ ಸಿಗುತ್ತದೆ

ಬೆಂಗಳೂರಿನಲ್ಲಿ ಸಿನಿಮಾ, ಸೀರಿಯಲ್‌ಗಳಿಗೆ ಸಾಮಾನು ಬಾಡಿಗೆಗೆ ಕೊಡುವವರಿದ್ದಾರೆ. ಗಾಂಧಿನಗರದ ಯಾವ ಪ್ರೊಡಕ್ಷನ್ ಮ್ಯಾನೇಜರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಪೊಲೀಸ್ ಸ್ಟೇಷನ್, ಆಸ್ಪತ್ರೆ, ಕೋರ್ಟಿನ ಸಾಮಾನಿಗೆ ಅವರೇ ಸರಿ. ಆದರೆ ಮನೆಯ ಸಾಮಾನನ್ನು ಅಲ್ಲಿಂದ ತಂದರೆ ಆ ಕುರ್ಚಿಯನ್ನು ಪ್ರೇಕ್ಷಕರು ಬೇರೆ ಸೀರಿಯಲ್‌ಗಳಲ್ಲಿ ಆಗಲೇ ನೋಡಿರುತ್ತಾರೆ.

ಉಳಿದದ್ದಕ್ಕೆ ಪೇಟೆ ಸುತ್ತಬೇಕು. ಹಳೆ ಪುಸ್ತಕ, ಲೆಡ್ಜರು, ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕಕ್ಕೆ ಅವೆನ್ಯೂ ರಸ್ತೆ. ಸಂಗೀತದ ವಾದ್ಯಗಳಿಗೆ ಬಳೇಪೇಟೆ. ವೈರು, ಹಳೆ ರೇಡಿಯೊದ ಬಿಡಿಭಾಗಕ್ಕೆ ಎಸ್‌.ಪಿ. ರಸ್ತೆ. ವಾಹನದ ಸಾಮಾನಿಗೆ ಜೆ.ಸಿ. ರಸ್ತೆ. ಬಿದಿರು, ತಟ್ಟಿ, ಏಣಿಗೆ ಬಂಬೂ ಬಜಾರು. ಹಳೆ ಫೋನು, ಗಡಿಯಾರ, ಕ್ಯಾಮೆರಾ, ಬೀಗ ಬೇಕಿದ್ದರೆ ಭಾನುವಾರ ಬೆಳಗಿನ ಸಂಡೇ ಬಜಾರು. ಬೆಳಕು ಹರಿಯುವಾಗಲೇ ಹೋಗಿ. ಒಳ್ಳೆಯದೆಲ್ಲ ಬೇಗ ಖಾಲಿಯಾಗುತ್ತದೆ. ಅಲ್ಲಿ ಬಿಲ್ ಕೊಡುವುದಿಲ್ಲ, ಹಾಗಾಗಿ ನಿಮ್ಮದೇ ವೋಚರ್ ಪುಸ್ತಕ ಒಯ್ದು ವಸ್ತು, ಬೆಲೆ, ದಿನಾಂಕ ಬರೆದು ಮಾರಿದವರ ಸಹಿ ಹಾಕಿಸಿ. ವಸ್ತುವಿನ ಫೋಟೊ ತೆಗೆದು ಕಲಾ ನಿರ್ದೇಶಕರಿಗೆ ಕಳಿಸಿ, ಒಪ್ಪಿಗೆ ಬಂದ ಮೇಲೆ ದುಡ್ಡು ಕೊಡಿ. "ಕಂದು ಬಣ್ಣದ ಹಳೆ ರೇಡಿಯೊ" ಅಂದರೆ ಪ್ರತಿಯೊಬ್ಬರ ತಲೆಯಲ್ಲೂ ಒಂದೊಂದು ರೇಡಿಯೊ ಇರುತ್ತದೆ.

ಮಲೆನಾಡಿನ ಮನೆಯ ಕಥೆಗೆ ಮಾತ್ರ ಪೇಟೆಗಿಂತ ಆ ಊರಿನ ಅಟ್ಟಗಳೇ ದೊಡ್ಡ ಖಜಾನೆ. ಕಡಗೋಲು, ಒರಳು, ಉಪ್ಪಿನಕಾಯಿ ಭರಣಿ, ಅಕ್ಕಿ ಅಳೆಯುವ ಸೇರು, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಹಾಳೆ ಟೊಪ್ಪಿ, ಕಂಬಳಿ ಕೊಪ್ಪೆ, ಇವೆಲ್ಲ ಇನ್ನೂ ಮನೆಗಳಲ್ಲಿವೆ. ಕೇಳುವ ರೀತಿ ಗೊತ್ತಿರಬೇಕು. ಬಾಗಿಲಲ್ಲಿ ನಿಂತು "ಹಳೆ ಸಾಮಾನು ಇದೆಯಾ" ಅಂದರೆ ನಿಮ್ಮನ್ನು ಗುಜರಿಯವರು ಅಥವಾ ಆಂಟಿಕ್ ವ್ಯಾಪಾರಿಗಳು ಅಂದುಕೊಳ್ಳುತ್ತಾರೆ. ಅಂಥವರು ಬಂದು ಕಂಬ, ಬಾಗಿಲು, ಹಿತ್ತಾಳೆ ಸಾಮಾನನ್ನು ಚಿಲ್ಲರೆ ದುಡ್ಡಿಗೆ ಒಯ್ದದ್ದು ಆ ಜನರಿಗೆ ನೆನಪಿದೆ. ಊರಿನ ಪರಿಚಯದವರೊಬ್ಬರ ಜೊತೆ ಹೋಗಿ. ಕೂತು ಕಾಫಿ ಕುಡಿಯಿರಿ. ಯಾವ ಕಥೆ, ಯಾವ ದೃಶ್ಯ, ಎಷ್ಟು ದಿನಕ್ಕೆ ಬೇಕು ಅಂತ ಬಿಡಿಸಿ ಹೇಳಿ. ದೇವರ ಕೋಣೆಯದ್ದು ಕೇಳಬೇಡಿ. ದಿನಾ ಬಳಸುವುದನ್ನು ಕೇಳಬೇಡಿ. ಕೊಡುವವರ ಮುಖದಲ್ಲಿ ಒಂದು ಚೂರು ಅನುಮಾನ ಕಂಡರೂ ಅದನ್ನು ಅಲ್ಲೇ ಬಿಟ್ಟುಬಿಡಿ. "ದುಡ್ಡೆಲ್ಲ ಯಾಕೆ, ಒಯ್ಯಿರಿ" ಎನ್ನುತ್ತಾರೆ. ಆದರೂ ಬಾಡಿಗೆ ಕೊಡಿ, ಚೀಟಿ ಬರೆದುಕೊಡಿ. ಪುಕ್ಕಟೆ ತಂದ ವಸ್ತುವನ್ನು ಯೂನಿಟ್ಟಿನವರು ಪುಕ್ಕಟೆಯ ಹಾಗೇ ನೋಡುತ್ತಾರೆ.

ಒಂದು ವಿಷಯ ಹೇಳಿಬಿಡುತ್ತೇನೆ. ಒಂದು ಊರಿನಲ್ಲಿ ನಾವು ಹೋಗುವ ಮೊದಲೇ ಬೇರೊಂದು ಯೂನಿಟ್ಟು ಬಂದು ಒಂದು ಮನೆಯ ತಾಮ್ರದ ಹಂಡೆ ಒಯ್ದಿತ್ತು. ಅಜ್ಜಿಗೆ ಅದು ತವರಿನಿಂದ ಬಂದ ಹಂಡೆ. ವಾಪಸ್ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ನಾವು ಹೋದಾಗ ಆ ಮನೆ ಬಿಡಿ, ಆ ಬೀದಿಯಲ್ಲೇ ಯಾರೂ ಒಂದು ಲೋಟ ಕೊಡಲು ತಯಾರಿರಲಿಲ್ಲ. ಅವರದ್ದು ಏನೂ ತಪ್ಪಿಲ್ಲ. ನಾವು ಸಾಮಾನನ್ನು ನಮ್ಮ ಒಂದು ಸಿನಿಮಾಕ್ಕೆ ಅಂತ ಕೇಳುತ್ತೇವೆ, ಆದರೆ ಅದು ವಾಪಸ್ ಬಂತೋ ಇಲ್ಲವೋ ಎನ್ನುವುದು ನಮ್ಮ ಹಿಂದೆ ಬರುವ ಎಲ್ಲ ಸಿನಿಮಾದವರ ಮೇಲೂ ಬೀಳುತ್ತದೆ.

ತಂದದ್ದನ್ನು ತೊಳೆಯಬೇಡಿ. ಇದನ್ನು ಹುಡುಗರಿಗೆ ಮೊದಲೇ ಹೇಳಿಡಿ. ಮಸಿ ಹಿಡಿದ ಪಾತ್ರೆಯನ್ನು ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಹುಣಸೆಹಣ್ಣು ಹಾಕಿ ಉಜ್ಜಿದರೆ ನಲವತ್ತು ವರ್ಷ ಒಂದೇ ಮಧ್ಯಾಹ್ನದಲ್ಲಿ ಹೋಗುತ್ತದೆ.

ಕಾಲ ತಪ್ಪಬಾರದು

1985 ಎಂದರೆ 1985. ಪ್ರೇಕ್ಷಕರಲ್ಲಿ ಆ ಕಾಲ ಬದುಕಿದವರು ಇನ್ನೂ ಇದ್ದಾರೆ, ಅವರು ಎಲ್ಲ ಗಮನಿಸುತ್ತಾರೆ.

ಕೆಎ ಎಂದು ಶುರುವಾಗುವ ನಂಬರ್ ಪ್ಲೇಟು 1989ರ ನಂತರದ್ದು. ಅದಕ್ಕೆ ಮೊದಲು ಮೂರು ಅಕ್ಷರದ ಹಳೆ ನಂಬರು. 500 ರೂಪಾಯಿ ನೋಟು ಬಂದದ್ದು 1987ರಲ್ಲಿ, ಆದ್ದರಿಂದ ಅಡಿಕೆ ಮಾರಿ ಬಂದ ಅಜ್ಜನ ಕೈಯಲ್ಲಿ 100ರ ಕಟ್ಟೇ ಇರಬೇಕು. ರೂಪಾಯಿಯ ಈಗಿನ ಚಿಹ್ನೆ 2010ರದ್ದು, ಅಂಗಡಿಯ ಬೋರ್ಡಿನಲ್ಲಿ "ರೂ." ಅಂತಲೇ ಬರೆಸಿ. ವಿಳಾಸದಲ್ಲಿ ಪಿನ್ ಕೋಡ್ ಹಾಕಬಹುದು, ಅದು 1972ರಲ್ಲೇ ಶುರುವಾಗಿತ್ತು. ಇಂಗ್ಲಿಷ್ ಬೋರ್ಡುಗಳಲ್ಲಿ ಶಿವಮೊಗ್ಗದ ಹೆಸರು ಹಳೆಯ ಸ್ಪೆಲ್ಲಿಂಗಿನಲ್ಲಿರಲಿ, ಈಗಿನದು 2014ರ ರಾಜ್ಯೋತ್ಸವದ ದಿನ ಬಂದದ್ದು. ಮಗನಿಗೆ ಬೈಕ್ ಬೇಕಿದ್ದರೆ ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ದಿ ಚೆನ್ನಾಗಿ ಒಪ್ಪುತ್ತದೆ. ನಿಮ್ಮ ಕಥೆ 1968ರದ್ದಾದರೆ ಯೆಜ್ದಿ ಬೇಡ, ಜಾವಾ ತನ್ನಿ. ಗೋಡೆಯ ಸ್ವಿಚ್ಚುಗಳು ದುಂಡಗಿನ ಕಪ್ಪು ಸ್ವಿಚ್ಚುಗಳು. ಈಗಿನ ಬಿಳಿ ಮಾಡ್ಯುಲರ್ ಸ್ವಿಚ್ಚು ಇದ್ದರೆ ಬಿಚ್ಚುವ ಬದಲು ಮುಂದೆ ಹಲಗೆ ಕೂರಿಸಿ ಅದರ ಮೇಲೆ ಹಳೆಯದನ್ನು ಅಂಟಿಸಿ.

ಕ್ಯಾಲೆಂಡರಿನ ವಿಷಯದಲ್ಲಿ ಒಂದು ಉಪಾಯ ಇದೆ. 1985ರ ದಿನಾಂಕಕ್ಕೂ 2019ರ ದಿನಾಂಕಕ್ಕೂ ವಾರಗಳು ಹೊಂದುತ್ತವೆ, ಎರಡೂ ವರ್ಷ ಮಂಗಳವಾರ ಶುರುವಾದವು. ಆದರೆ ಹಬ್ಬ, ತಿಥಿ ಹೊಂದುವುದಿಲ್ಲ. ದೂರದ ಶಾಟಿಗೆ ಇದು ಸಾಕು. ಕ್ಲೋಸಿನಲ್ಲಿ ಕಾಣುವುದಾದರೆ ಆ ವರ್ಷದ ಪಂಚಾಂಗ ಹುಡುಕಿ ಹೊಸದಾಗಿ ಪ್ರಿಂಟ್ ಹಾಕಿಸಿ. ಒಂಟಿಕೊಪ್ಪಲ್ ಪಂಚಾಂಗದ ಹಳೆ ಪ್ರತಿಗಳನ್ನು ಜೋಪಾನವಾಗಿ ಇಟ್ಟುಕೊಂಡ ಮನೆಗಳಿವೆ, ಪುರೋಹಿತರ ಮನೆಯಲ್ಲಿ ವಿಚಾರಿಸಿ.

ಸಿಗದಿದ್ದರೆ ಮಾಡಿಕೊಳ್ಳಿ

ಮತ್ತೆ ಆ ಪತ್ರಕ್ಕೆ ಬರೋಣ. ಇಡೀ ಸಿನಿಮಾದಲ್ಲಿ ಕ್ಯಾಮೆರಾ ಅತಿ ಹತ್ತಿರ ಹೋಗುವ ವಸ್ತು ಅದು.

ಗೆರೆ ಹಾಕಿದ ತೆಳು ಹಾಳೆ ತಗೊಳ್ಳಿ. ಈಗಿನ ನೋಟ್‌ಬುಕ್ಕಿನ ಹಾಳೆ ಬಹಳ ಬಿಳಿ, ಬಹಳ ನುಣುಪು. ಫಿಲ್ಟರ್ ಕಾಫಿಯ ಡಿಕಾಕ್ಷನ್‌ಗೆ ನೀರು ಬೆರೆಸಿ ತಿಳಿ ಮಾಡಿ. ಟೀ ಕೂಡ ನಡೆಯುತ್ತದೆ, ಆದರೆ ಅದು ಸ್ವಲ್ಪ ಕೆಂಪಾಗುತ್ತದೆ. ಸ್ಪಂಜಿನಲ್ಲಿ ಒಂದೇ ದಿಕ್ಕಿಗೆ ಹಚ್ಚಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಸುರುಟಿಕೊಳ್ಳುತ್ತದೆ. ಪೂರ್ತಿ ಒಣಗುವ ಮೊದಲೇ, ಸ್ವಲ್ಪ ತೇವ ಇರುವಾಗಲೇ, ಬಟ್ಟೆ ಮುಚ್ಚಿ ಹಗುರವಾಗಿ ಇಸ್ತ್ರಿ ಮಾಡಿ. ಬಣ್ಣ ಮೊದಲು, ಬರವಣಿಗೆ ಆಮೇಲೆ. ಫೌಂಟನ್ ಪೆನ್ನಿನ ಶಾಯಿ ನೀರಿಗೆ ಹರಡುವುದರಿಂದ ಬರೆದ ಮೇಲೆ ಡಿಕಾಕ್ಷನ್ ಹಚ್ಚಿದರೆ ಪತ್ರ ಹೋಯಿತು. ಕಣ್ಣೀರು ಬಿದ್ದು ಅಕ್ಷರ ಕಲೆಸಿದ ಹಾಗೆ ಬೇಕಿದ್ದರೆ ಮಾತ್ರ ಒಂದೆರಡು ಹನಿ ನೀರು ಸಾಕು.

ಅಕ್ಷರ ಯಾರದ್ದು ಎನ್ನುವುದು ಬಹಳ ಮುಖ್ಯ. ನಮ್ಮ ಅಸಿಸ್ಟೆಂಟ್ ಹುಡುಗರ ಅಕ್ಷರ ಈ ಕಾಲದ್ದು. ಆ ತಲೆಮಾರಿನ ಒಬ್ಬ ನಿವೃತ್ತ ಮೇಷ್ಟ್ರನ್ನು ಹುಡುಕಿ ಬರೆಸಿ. "ತೀರ್ಥರೂಪು ಸಮಾನರಾದ" ಅಂತ ಶುರುಮಾಡಬೇಕೋ "ತೀರ್ಥರೂಪುರವರಿಗೆ" ಅಂತಲೋ ಅವರಿಗೇ ಗೊತ್ತು. ತಂದೆಗೆ ಮಗ ಬರೆಯುವಾಗ "ಸಮಾನ" ಬರುವುದಿಲ್ಲ, ಅದನ್ನು ಅವರು ತಕ್ಷಣ ತಿದ್ದುತ್ತಾರೆ. ಹನ್ನೆರಡು ಪ್ರತಿಯನ್ನೂ ಕೈಯಲ್ಲೇ ಬರೆಸಬೇಕಿಲ್ಲ. ಮೂರು ಕೈಬರಹ ಕ್ಲೋಸ್‌ಗೆ, ಉಳಿದದ್ದು ಸ್ಕ್ಯಾನ್ ಮಾಡಿ ಕಲರ್ ಪ್ರಿಂಟು. ಮಡಿಕೆ ಮಾತ್ರ ಎಲ್ಲದರಲ್ಲೂ ಒಂದೇ ಜಾಗದಲ್ಲಿ ಬರಲಿ, ಇಲ್ಲದಿದ್ದರೆ ಎಡಿಟಿಂಗ್ ಟೇಬಲ್ಲಿನಲ್ಲಿ ಗೊತ್ತಾಗುತ್ತದೆ. ಲಕೋಟೆಗೆ ಬಳಸಿದ ಹಳೆ ಅಂಚೆಚೀಟಿ ಸಂಗ್ರಹಕಾರರ ಹತ್ತಿರ ಸಿಗುತ್ತದೆ. ಹೊಸದಾಗಿ ಪ್ರಿಂಟ್ ಮಾಡಲು ಹೋಗಬೇಡಿ.

ಒಡೆಯುವ ಮಡಕೆಗೆ ಕುಂಬಾರರಿಗೆ ಮೊದಲೇ ಹೇಳಿ ಅರೆಬೆಂದದ್ದನ್ನು ಮಾಡಿಸಿ. ಸುಲಭವಾಗಿ ಒಡೆಯುತ್ತದೆ, ಚೂರು ಅಷ್ಟು ಹರಿತ ಇರುವುದಿಲ್ಲ. ಹಾಗಂತ ಬರಿಗಾಲಿನ ನಟರು ಆ ಜಾಗದಲ್ಲಿ ಓಡಾಡುವಾಗ ಗುಡಿಸದೆ ಬಿಡಬೇಡಿ.

ಕಾನೂನು ಬರುವ ಜಾಗ

ನೋಟಿನ ಕಟ್ಟು ಬೇಕು ಅಂದ ತಕ್ಷಣ ಕಲರ್ ಜೆರಾಕ್ಸ್ ಅಂಗಡಿಗೆ ಹೋಗುವವರಿದ್ದಾರೆ. ನೋಟಿನ ಹಾಗೆ ಕಾಣುವ ಕಾಗದ ಮಾಡುವುದೇ ಅಪರಾಧ, ಸಿನಿಮಾಕ್ಕೆ ಅಂದರೂ ಬಿಡುವುದಿಲ್ಲ. ಮೇಲೆ ಕೆಳಗೆ ನಿಜವಾದ ನೋಟು, ನಡುವೆ ಅದೇ ಅಳತೆಯ ಖಾಲಿ ಕಾಗದ. ನಮ್ಮ ಅಜ್ಜನಿಗೆ ಆ ಕಾಲದ 100ರ ನೋಟು ನಾಣ್ಯ ಸಂಗ್ರಹಕಾರರಿಂದ ಒಂದೆರಡು ತಂದರೆ ಸಾಕು. 2016ರಲ್ಲಿ ರದ್ದಾದ 500, 1000ದ ನೋಟುಗಳ ಕಥೆ ಮಾಡುವವರು ಇನ್ನೂ ಹುಷಾರಾಗಿರಬೇಕು. 2017ರ ಕಾನೂನಿನ ಪ್ರಕಾರ ಅವನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ.

ಮಲೆನಾಡಿನ ಹಳೆ ಮನೆಗಳಲ್ಲಿ ಗೋಡೆಗೆ ಜಿಂಕೆ ಕೊಂಬು ಇರುತ್ತದೆ. ಅದನ್ನು ಬಿಚ್ಚಿ ಇನ್ನೊಂದು ಮನೆಗೆ ಒಯ್ಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಮನೆಯವರನ್ನೂ ತೊಂದರೆಗೆ ಸಿಕ್ಕಿಸುತ್ತೀರಿ. ಫೈಬರ್‌ನಲ್ಲಿ ಮಾಡಿಸಿ. ದನ, ನಾಯಿಯಂಥ ಪ್ರಾಣಿಗಳು ದೃಶ್ಯದಲ್ಲಿದ್ದರೆ ಶೂಟಿಂಗ್‌ಗೆ ಮೊದಲೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ತಗೊಳ್ಳಿ. ಸೆನ್ಸಾರ್‌ನಲ್ಲಿ ಕಾಗದ ಕೇಳುತ್ತಾರೆ. ಬೀಡಿ ಸಿಗರೇಟಿನ ಬ್ರ್ಯಾಂಡ್ ಹೆಸರು ಎಲ್ಲೂ ಕಾಣಬಾರದು, ಅಂಗಡಿಯ ದೃಶ್ಯದಲ್ಲಿ ಹಿಂದಿನ ಸಾಲನ್ನು ಒಂದು ಸಲ ಕಣ್ಣಾಡಿಸಿ.

ಸೆಟ್ಟಿನಲ್ಲಿ

ಸಾಮಾನು ಬಂದಿಳಿದ ದಿನವೇ ಪ್ರತಿಯೊಂದಕ್ಕೂ ನಂಬರ್ ಕಟ್ಟಿ. ಗಮ್ ಸ್ಟಿಕ್ಕರ್ ಬೇಡ. ಹಳೆ ಮರದ ಪಾಲಿಷ್ ಕಿತ್ತುಬರುತ್ತದೆ. ರಟ್ಟಿನ ಚೂರಿಗೆ ದಾರ ಹಾಕಿ ಕಟ್ಟಿ. ನಂಬರಿನ ಜೊತೆ ನಾಲ್ಕೂ ಕಡೆಯಿಂದ ಫೋಟೊ. ಮುಖ್ಯವಾಗಿ ಆಗಲೇ ಇರುವ ಗೀರು, ಸೀಳು, ನೆಗ್ಗುಗಳ ಫೋಟೊ ಕೊಟ್ಟವರ ಎದುರಿಗೇ ತೆಗೆಯಿರಿ. ಆಗ ಕೊನೆಯಲ್ಲಿ ಮಾತಿಗೆ ಜಾಗವೇ ಇರುವುದಿಲ್ಲ.

ಕ್ಯಾಮೆರಾದ ಹತ್ತಿರ ಒಂದು ಮೇಜು ಹ್ಯಾಂಡ್ ಪ್ರಾಪರ್ಟಿಗೇ ಮೀಸಲಿಡಿ. ಅದರ ಮೇಲೆ ಟೀ ಲೋಟ ಇಡುವ ಹಾಗಿಲ್ಲ, ನಿರ್ಮಾಪಕರದ್ದಾದರೂ ಸರಿ. ಕಟ್ ಅಂದ ತಕ್ಷಣ ನಟರ ಕೈಯಿಂದ ವಸ್ತು ಮೇಜಿಗೆ ಬರಬೇಕು. ಕನ್ನಡಕ, ವಾಚು, ಉಂಗುರ ನಟರ ಜೊತೆ ಕ್ಯಾರವಾನಿಗೋ ಮನೆಗೋ ಹೋಗಿಬಿಡುತ್ತವೆ. ಊಟದ ದೃಶ್ಯವಿದ್ದರೆ ಪ್ರತಿ ಟೇಕ್ ಮುಗಿದಾಗ ಬಾಳೆಲೆಯ ಮೇಲಿನಿಂದ ಒಂದು ಫೋಟೊ ಹೊಡೆಯಿರಿ. ಅನ್ನ ಎಷ್ಟಿತ್ತು, ಉಪ್ಪಿನಕಾಯಿ ಯಾವ ಕಡೆ ಇತ್ತು ಅಂತ ಎರಡು ಗಂಟೆ ಬಿಟ್ಟು ಯಾರಿಗೂ ನೆನಪಿರುವುದಿಲ್ಲ.

ನನ್ನ ಪೆಟ್ಟಿಗೆಯಲ್ಲಿ ಯಾವಾಗಲೂ ಇರುವುದು ಗೋಣಿದಾರ, ಸೂಜಿ, ಎರಡು ಬದಿಯ ಟೇಪು, ಫೆವಿಕ್ವಿಕ್, ಕಪ್ಪು ಮತ್ತು ಕಂದು ಶೂ ಪಾಲಿಷ್, ಧೂಳು ಹಿಡಿಸಲು ಮುಲ್ತಾನಿ ಮಿಟ್ಟಿ, ಹೊಳಪು ಕಮ್ಮಿ ಮಾಡಲು ಪೌಡರು, ಹೂಜಿಯ ಮೇಲೆ ನೀರಿನ ಹನಿ ನಿಲ್ಲಿಸಲು ಗ್ಲಿಸರಿನ್.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಶೂಟ್ ಮಾಡುವುದಾದರೆ ಮಳೆಯೇ ನಿಮ್ಮ ಮೊದಲ ಲೆಕ್ಕ. ಪ್ಲೈವುಡ್ ಉಬ್ಬುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಡ್ರಾಯರ್ ತೆಗೆಯಲು ಬರುವುದಿಲ್ಲ. ಕಾಗದಗಳು ಸಿಲಿಕಾ ಜೆಲ್ ಹಾಕಿದ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ. ಸಾಮಾನನ್ನು ನೆಲಕ್ಕಿಡದೆ ಹಲಗೆಯ ಮೇಲಿಡಿ.

ಬೆಂಕಿಯ ವಿಷಯ ಮಳೆಗಿಂತ ದೊಡ್ಡದು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಒಂದು ಟಿವಿ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತರು. ಸಡಿಲ ವೈರಿಂಗು, ಗಾಳಿಯಾಡದ ಜಾಗ, ಗೋಡೆಗೆ ಹೊದಿಸಿದ್ದ ಗೋಣಿ, ದೊಡ್ಡ ಲೈಟುಗಳ ಬಿಸಿ. ಆ ಗೋಣಿ ನಮ್ಮ ವಿಭಾಗದ ಸಾಮಾನು. ಇವತ್ತಿಗೂ ನಾವು ಗೋಣಿ, ಥರ್ಮೋಕೋಲು, ಹುಲ್ಲು, ಬಟ್ಟೆ, ಥಿನ್ನರು ಇವುಗಳಲ್ಲೇ ಕೆಲಸ ಮಾಡುತ್ತೇವೆ. ಥಿನ್ನರ್, ಪೇಂಟ್ ಡಬ್ಬಿಗಳು ಸೆಟ್ಟಿನ ಹೊರಗಿರಲಿ. ಲೈಟಿನ ಪಕ್ಕ ಹುಲ್ಲು, ಗೋಣಿ ಬಂದರೆ ಲೈಟ್‌ಮ್ಯಾನ್‌ಗೆ ಹೇಳಿ ದೂರ ಸರಿಸಿ. ಅಡುಗೆ ಒಲೆ, ಲಾಟೀನು ಉರಿಯುವ ದೃಶ್ಯದಲ್ಲಿ ಮರಳಿನ ಬಕೆಟ್ಟು, ನೀರು, ಬೆಂಕಿ ನಂದಿಸುವ ಸಿಲಿಂಡರು ಕೈಗೆಟಕುವಲ್ಲಿ ಇಟ್ಟು ಒಬ್ಬ ಹುಡುಗನನ್ನು ಅದಕ್ಕೇ ನಿಲ್ಲಿಸಿ. ಹೊರಗೆ ಹೋಗುವ ಎರಡು ಬಾಗಿಲು ತೆರೆದಿವೆಯಾ ಅಂತ ನೀವೇ ಹೋಗಿ ನೋಡಿ. ಇದು ನಮ್ಮ ಕೆಲಸ ಅಲ್ಲ ಅಂತ ಯಾರಾದರೂ ಅಂದರೆ ಕೇಳಬೇಡಿ.

ವಾಪಸ್

ಪ್ಯಾಕಪ್ ಆದ ರಾತ್ರಿ ಎಲ್ಲರಿಗೂ ಊರಿಗೆ ಹೋಗುವ ಅವಸರ. ಅದಕ್ಕೇ ಬಜೆಟ್ ಮಾಡುವಾಗಲೇ ಕೊನೆಯಲ್ಲಿ ಎರಡು ದಿನ, ಇಬ್ಬರು ಹುಡುಗರು, ಒಂದು ಟೆಂಪೋ, ಅವರ ಬಾಟಾ ಅಂದರೆ ದಿನದ ಭತ್ಯೆ, ಇಷ್ಟನ್ನೂ ವಾಪಸಾತಿಗೆ ಅಂತಲೇ ಬರೆಸಿ. ಶೂಟಿಂಗ್ ಮುಗಿದ ಮೇಲೆ ಕೇಳಿದರೆ ಮ್ಯಾನೇಜರ್ ಹತ್ತಿರ ದುಡ್ಡು ಇರುವುದಿಲ್ಲ. ದೃಶ್ಯ ಮುಗಿದ ಸಾಮಾನನ್ನು ಕೊನೆಯವರೆಗೆ ಇಟ್ಟುಕೊಳ್ಳದೆ ವಾರಕ್ಕೊಮ್ಮೆ ಕಳಿಸುತ್ತಾ ಬಂದರೆ ಬಾಡಿಗೆಯೂ ಉಳಿಯುತ್ತದೆ, ಕೊಟ್ಟವರಿಗೂ ಸಮಾಧಾನ. ಒಡೆದದ್ದನ್ನು ಮುಚ್ಚಿಡದೆ ಮೊದಲು ಅದನ್ನೇ ತೋರಿಸಿ. ರಿಪೇರಿಯೋ ದುಡ್ಡೋ ಅಂತ ಅವರೇ ಹೇಳಲಿ. ಹಳ್ಳಿಯ ಮನೆಗಳಿಗೆ ಹುಡುಗರನ್ನು ಕಳಿಸಬೇಡಿ, ಕೇಳಲು ಹೋದವರೇ ಕೊಡಲೂ ಹೋಗಿ. ಫೋಟೊ ನೋಡಿ, ನಂಬರ್ ಬಿಚ್ಚಿ, ಅವರು ಇಟ್ಟಿದ್ದ ಜಾಗದಲ್ಲೇ ಇಟ್ಟು ಸಹಿ ತಗೊಳ್ಳಿ.

ಆದರೆ ಎಲ್ಲವನ್ನೂ ಒಟ್ಟಿಗೆ ಕೊಟ್ಟುಬಿಡಬೇಡಿ. ಎಡಿಟಿಂಗ್ ಆದ ಮೇಲೆ ಪ್ಯಾಚ್ ವರ್ಕ್, ಅಂದರೆ ಬಿಟ್ಟುಹೋದ ಚಿಕ್ಕಪುಟ್ಟ ಶಾಟು ತೆಗೆಯುವ ಕೆಲಸ, ಬಂದೇ ಬರುತ್ತದೆ. ಪತ್ರದ ಒಂದು ಕ್ಲೋಸು, ಅಡಕತ್ತರಿ ಹಿಡಿದ ಕೈ, ಇಂಥವು. ಕ್ಲೋಸಿನಲ್ಲಿ ಬಂದಿರುವ ವಸ್ತುಗಳ ಚಿಕ್ಕ ಪಟ್ಟಿ ಮಾಡಿ, ಮನೆಯವರಿಗೆ ವಿಷಯ ತಿಳಿಸಿ, ಯಾವ ತಿಂಗಳವರೆಗೆ ಬೇಕು ಅಂತ ಚೀಟಿಯಲ್ಲಿ ಹೊಸದಾಗಿ ಬರೆದುಕೊಡಿ. ಅವನ್ನು ಒಂದು ಟ್ರಂಕಿಗೆ ಹಾಕಿ ಬೀಗ ಜಡಿದು ಕೀಲಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಡಬ್ಬಿಂಗ್ ಮುಗಿದು ಎಡಿಟರ್ "ಇನ್ನು ಏನೂ ಬೇಡ" ಅಂದ ಮೇಲೆ ಆ ಟ್ರಂಕನ್ನು ತೀರ್ಥಹಳ್ಳಿಗೆ ಒಯ್ಯಿರಿ.